ಬೆಳ್ಳಿತೆರೆಯ ರಣರಂಗ

ಯುದ್ಧವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಯುದ್ಧವನ್ನು ಚಲನಚಿತ್ರದಲ್ಲಿ ಕಾಣದವರು ಇನ್ನೂ ವಿರಳ. ಬೆಟ್ಟವೂ ಯುದ್ಧದ ವಾರ್ತೆಯೂ ದೂರದಿಂದಲೇ ಸೊಗಸು ಎಂದು ನಮ್ಮ ಹಿರಿಯರು ಎಂದೋ ಹೇಳಿಟ್ಟರು. ಚಲನಚಿತ್ರ ಹುಟ್ಟಿದ ಮೇಲೆ ಆ ಮಾತಿಗೆ ವಿಚಿತ್ರವಾದ ತಿದ್ದುಪಡಿಯೊಂದು ಬಂದಿದೆ. ದೂರದಲ್ಲಿದ್ದ ಯುದ್ಧ ಈಗ ತೀರ ಹತ್ತಿರಕ್ಕೆ ಬಂದಿದೆ. ಸಾಯುತ್ತಿರುವ ಸೈನಿಕನ ಕಣ್ಣರೆಪ್ಪೆ ಅದುರುವುದೂ ನಮಗೆ ಕಾಣುತ್ತದೆ. ಗುಂಡು ಮಾತ್ರ ನಮಗೆ ತಗುಲುವುದಿಲ್ಲ. ಅಪಾಯವಿಲ್ಲದ ಈ ಸಾಮೀಪ್ಯದಲ್ಲಿಯೇ ಯುದ್ಧಚಿತ್ರದ ಶಕ್ತಿಯೆಲ್ಲ ಅಡಗಿದೆ. ಆ ಶಕ್ತಿಯನ್ನು ಆಳುವವರು ಬಹು ಬೇಗ ಅರಿತುಕೊಂಡರು. ಅದನ್ನು ಬಳಸಿಕೊಂಡರು, ಅದಕ್ಕೆ ಅಂಜಿದರು ಕೂಡ. ಅವರು ಬಳಸಿಕೊಂಡದ್ದು ಯಾವುದನ್ನು, ಅಂಜಿದ್ದು ಯಾವುದಕ್ಕೆ ಎಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲನೆಯ ಮಹಾಯುದ್ಧದ ನಡುವೆ, 1916ರ ಆಗಸ್ಟ್ ತಿಂಗಳಲ್ಲಿ, ಲಂಡನ್ನಿನ ಚಿತ್ರಮಂದಿರಗಳಲ್ಲಿ ‘ದಿ ಬ್ಯಾಟ್ಲ್ ಆಫ್ ದಿ ಸಾಮ್’ ಎಂಬ ಮೂಕಿ ಚಿತ್ರ ತೆರೆಕಂಡಿತು. ಫ್ರಾನ್ಸಿನ ಸಾಮ್ ನದಿಯ ಬಯಲಿನಲ್ಲಿ ಆ ಕದನ ಆರಂಭವಾದದ್ದು ಅದೇ ವರ್ಷದ ಜುಲೈ 1ರಂದು. ಆ ಒಂದೇ ದಿನ ಬ್ರಿಟಿಷ್ ಸೇನೆಯ 19,240 ಮಂದಿ ಮಡಿದರು. ಗಾಯಗೊಂಡವರನ್ನೂ ಕಾಣೆಯಾದವರನ್ನೂ ಸೇರಿಸಿದರೆ ನಷ್ಟ 57 ಸಾವಿರವನ್ನು ಮೀರಿತು. ಚಿತ್ರ ಪ್ರದರ್ಶನಗೊಳ್ಳುತ್ತಿದ್ದಾಗ ಕದನ ಇನ್ನೂ ಮುಗಿದಿರಲಿಲ್ಲ. ಅದು ನವೆಂಬರಿನವರೆಗೂ ಸಾಗಿತು. ಜೆಫ್ರಿ ಮ್ಯಾಲಿನ್ಸ್, ಜಾನ್ ಮೆಕ್‌ಡೊವೆಲ್ ಎಂಬ ಇಬ್ಬರು ಛಾಯಾಗ್ರಾಹಕರು ತೆಗೆದ ಈ ಚಿತ್ರವನ್ನು ಮೊದಲ ಆರು ವಾರಗಳಲ್ಲಿ ಸುಮಾರು ಎರಡು ಕೋಟಿ ಜನ ನೋಡಿದರೆಂದು ಅಂದಾಜು. ಮಗನೋ ಗಂಡನೋ ರಣರಂಗದಲ್ಲಿದ್ದ ಹೆಂಗಸರು, ತೆರೆಯ ಮೇಲೆ ಹಾದುಹೋಗುವ ಮುಖಗಳಲ್ಲಿ ತಮ್ಮವರ ಮುಖವೇನಾದರೂ ಕಂಡೀತೇ ಎಂದು ಹುಡುಕಿದರು. ಸೈನಿಕರು ಕ್ಯಾಮೆರಾದತ್ತ ತಿರುಗಿ ನಗುತ್ತಾರೆ, ಟೋಪಿ ಬೀಸುತ್ತಾರೆ. ಅವರಲ್ಲಿ ಎಷ್ಟು ಮಂದಿ ಆಗಲೇ ಮಣ್ಣಾಗಿದ್ದರೋ ನೋಡುತ್ತಿದ್ದವರಿಗೆ ತಿಳಿಯದು.

ಈ ಚಿತ್ರದಲ್ಲಿ ಪ್ರೇಕ್ಷಕರ ಎದೆಯನ್ನು ಹೆಚ್ಚಾಗಿ ಕಲಕಿದ್ದು ಒಂದು ದೃಶ್ಯ. ಸೈನಿಕರು ಕಂದಕದಿಂದ ಮೇಲೇರುತ್ತಾರೆ. ಒಬ್ಬನು ಅಲ್ಲಿಯೇ ಕುಸಿದು ಜಾರಿ ಬೀಳುತ್ತಾನೆ, ಉಳಿದವರು ಮುಂದೆ ಸಾಗುತ್ತಾರೆ. ರಣರಂಗದ ಹಿಂದೆ, ಅಪಾಯವಿಲ್ಲದ ಜಾಗದಲ್ಲಿ, ನಟನೆಯಿಂದ ತೆಗೆದ ದೃಶ್ಯವಿದು ಎಂದು ವಿದ್ವಾಂಸರು ಬಳಿಕ ಗುರುತಿಸಿದರು. ಆದರೆ ಅದನ್ನು ನೋಡಿ ಹರಿದ ಕಣ್ಣೀರು ನಟನೆಯದಾಗಿರಲಿಲ್ಲ. ತೆರೆಯ ಮೇಲಿನ ಸಾವು ಕಲ್ಪಿತವಾಗಿರಬಹುದು, ಪ್ರೇಕ್ಷಕನ ಶೋಕ ಮಾತ್ರ ಸತ್ಯ. ಯುದ್ಧಚಿತ್ರದ ರಾಜಕೀಯ ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ನಮ್ಮ ಆಲಂಕಾರಿಕರು ವೀರರಸಕ್ಕೆ ಉತ್ಸಾಹವನ್ನು ಸ್ಥಾಯಿಭಾವವೆಂದರು, ಕರುಣಕ್ಕೆ ಶೋಕವನ್ನು. ಯುದ್ಧಚಿತ್ರದಲ್ಲಿ ಇವೆರಡೂ ಒಂದೇ ದಾರದ ಎರಡು ಎಳೆಗಳಂತೆ ಹೊಸೆದುಕೊಂಡಿರುತ್ತವೆ. ನಿರ್ದೇಶಕನ ಉದ್ದೇಶ ಕರುಣವೇ ಆಗಿದ್ದರೂ, ಕುದುರೆಗಳು ಓಡಿದಾಗ, ಫಿರಂಗಿ ಗರ್ಜಿಸಿದಾಗ, ವಾದ್ಯವೃಂದದ ಸ್ವರ ಏರಿದಾಗ, ನಮ್ಮ ಮೈ ತಾನಾಗಿ ಜುಮ್ಮೆನ್ನುತ್ತದೆ. ಬುದ್ಧಿ ಬೇಡವೆನ್ನುತ್ತಿರುವಾಗಲೇ ರಕ್ತ ಬೇಕೆನ್ನುತ್ತದೆ. ಯುದ್ಧವನ್ನು ಕುರಿತ ಪ್ರತಿಯೊಂದು ಚಿತ್ರವೂ ಕೊನೆಗೆ ಯುದ್ಧದ ಪರವಾಗಿಯೇ ನಿಲ್ಲುತ್ತದೆ ಎಂಬರ್ಥದ ಮಾತನ್ನು ಫ್ರಾನ್ಸಿನ ನಿರ್ದೇಶಕ ಫ್ರಾನ್ಸ್ವಾ ತ್ರುಫೋ 1973ರಲ್ಲಿ ಆಡಿದ್ದ. ಅವನ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದೇ ಪೂರ್ಣಸತ್ಯವಾಗಿದ್ದರೆ ಯುದ್ಧವನ್ನು ಬಯಸುವವರು ಯಾವ ಯುದ್ಧಚಿತ್ರಕ್ಕೂ ಅಂಜಬೇಕಾಗಿರಲಿಲ್ಲ. ಅವರು ಅಂಜಿದ್ದುಂಟು. ಆ ಅಂಜಿಕೆಯ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡೋಣ.

ಜರ್ಮನಿಯ ಲೇಖಕ ಎರಿಕ್ ಮಾರಿಯ ರೆಮಾರ್ಕ್ ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಗಾಯಗೊಂಡವನು. ಇಂಗ್ಲಿಷಿನಲ್ಲಿ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದು ಹೆಸರಾದ ಅವನ ಕಾದಂಬರಿ 1929ರಲ್ಲಿ ಪುಸ್ತಕವಾಗಿ ಹೊರಬಂದಿತು. ಅಮೆರಿಕದ ಯೂನಿವರ್ಸಲ್ ಸಂಸ್ಥೆ ಅದನ್ನು ಮರುವರ್ಷವೇ ಚಿತ್ರವಾಗಿಸಿತು. ಸಂಸ್ಥೆಯ ಒಡೆಯ ಕಾರ್ಲ್ ಲೆಮ್ಲೆ ಜರ್ಮನಿಯಲ್ಲಿಯೇ ಹುಟ್ಟಿದವನು. ಲೂಯಿ ಮೈಲ್‌ಸ್ಟೋನ್ ನಿರ್ದೇಶಿಸಿದ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಎಂಬ ಎರಡು ಆಸ್ಕರ್ ಪ್ರಶಸ್ತಿಗಳು ಬಂದವು.

ಚಿತ್ರದ ಆರಂಭದಲ್ಲಿ ಒಂದು ತರಗತಿಯ ದೃಶ್ಯವಿದೆ. ಕಿಟಕಿಯಾಚೆ ಬೀದಿಯಲ್ಲಿ ಸೇನೆಯ ವಾದ್ಯ ಮೊಳಗುತ್ತಿರುತ್ತದೆ. ಒಳಗೆ ಉಪಾಧ್ಯಾಯನೊಬ್ಬನು ಪಿತೃಭೂಮಿಗಾಗಿ ಪ್ರಾಣ ಕೊಡುವುದರ ಹಿರಿಮೆಯನ್ನು ಹುಡುಗರ ಮುಂದೆ ಆವೇಶದಿಂದ ವರ್ಣಿಸುತ್ತಾನೆ. ಹುಡುಗರು ಪುಸ್ತಕ ಎಸೆದು, ಹಾಡುತ್ತ, ಸೇನೆಗೆ ಸೇರಲು ಹೊರಡುತ್ತಾರೆ. ಮುಂದೆ ಅವರಲ್ಲಿ ಒಬ್ಬನಾದ ಪಾಲ್ ರಜೆಯಲ್ಲಿ ಊರಿಗೆ ಮರಳುತ್ತಾನೆ. ಅದೇ ತರಗತಿಯಲ್ಲಿ ಅದೇ ಉಪಾಧ್ಯಾಯ ಇನ್ನೂ ಎಳೆಯ ಹುಡುಗರಿಗೆ ಅದೇ ಪಾಠವನ್ನು ಹೇಳುತ್ತಿರುತ್ತಾನೆ. ಕಂಡದ್ದನ್ನು ಕಂಡಂತೆ ಹೇಳಿದ ಪಾಲ್‌ನನ್ನು ಆ ಹುಡುಗರೇ ಹೇಡಿಯೆಂದು ಹಳಿಯುತ್ತಾರೆ. ತರಗತಿಯಲ್ಲಿ ವೀರರಸದ ಪದ್ಯಗಳನ್ನು ಬಹುಕಾಲ ಪಾಠ ಹೇಳಿದ ನನ್ನಂಥವನಿಗೆ ಈ ದೃಶ್ಯ ಫಿರಂಗಿಯ ದೃಶ್ಯಗಳಿಗಿಂತ ಹೆಚ್ಚು ಭಯಂಕರವಾಗಿ ತೋರುತ್ತದೆ. ಕೊಲ್ಲುವ ಆಯುಧಗಳು ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಕೊಲ್ಲುವ ಉತ್ಸಾಹ ತಯಾರಾಗುವುದು ಕರಿಹಲಗೆಯ ಮುಂದೆ.

1930ರ ಡಿಸೆಂಬರ್‌ನಲ್ಲಿ ಈ ಚಿತ್ರ ಬರ್ಲಿನ್ ನಗರಕ್ಕೆ ಬಂದಿತು. ಆಗ ಹಿಟ್ಲರನು ಅಧಿಕಾರಕ್ಕೆ ಬಂದಿರಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಸೆಪ್ಟೆಂಬರಿನ ಚುನಾವಣೆಯಲ್ಲಿ ಅವನ ಪಕ್ಷಕ್ಕೆ 107 ಸ್ಥಾನಗಳು ಸಿಕ್ಕಿದ್ದವು, ಅಷ್ಟೇ. ಬರ್ಲಿನ್ನಿನಲ್ಲಿ ಆ ಪಕ್ಷದ ಮುಖಂಡ ಗೊಬೆಲ್ಸ್. ಡಿಸೆಂಬರ್ 5ರ ಪ್ರದರ್ಶನಕ್ಕೆ ಅವನ ಅನುಯಾಯಿಗಳು ಟಿಕೆಟ್ ಕೊಂಡು ಒಳಹೊಕ್ಕರು. ಚಿತ್ರ ಆರಂಭವಾದ ಸ್ವಲ್ಪ ಹೊತ್ತಿಗೆ ಕೂಗಾಟ ಎದ್ದಿತು. ದುರ್ನಾತದ ಗುಂಡುಗಳು ಸಿಡಿದವು. ಕುರ್ಚಿಗಳ ನಡುವೆ ಬಿಳಿಯ ಇಲಿಗಳು ಓಡಾಡತೊಡಗಿದವು. ಪ್ರದರ್ಶನ ನಿಂತುಹೋಯಿತು. ಮುಂದಿನ ದಿನಗಳಲ್ಲಿ ಬೀದಿಗಳಲ್ಲಿ ಪ್ರತಿಭಟನೆಗಳು ನಡೆದವು. ಡಿಸೆಂಬರ್ 11ರಂದು ಜರ್ಮನಿಯ ಉನ್ನತ ಚಿತ್ರಪರಿಶೀಲನ ಮಂಡಳಿ, ದೇಶದ ಗೌರವಕ್ಕೆ ಕುಂದುಂಟಾಗುತ್ತದೆಂಬ ಕಾರಣ ನೀಡಿ, ಚಿತ್ರವನ್ನು ನಿಷೇಧಿಸಿತು. ಇಲಿಗಳನ್ನು ಬಿಟ್ಟವರು ನಾಜಿಗಳು. ನಿಷೇಧ ಹಾಕಿದ್ದು ಪ್ರಜಾಪ್ರಭುತ್ವದ ಸರ್ಕಾರ. ಆರು ದಿನಗಳಲ್ಲಿ ಒಂದು ಗಣರಾಜ್ಯ ಬೀದಿಯ ಕೂಗಿಗೆ ತಲೆಬಾಗಿತು. ಮರುವರ್ಷ ಹಲವು ಭಾಗಗಳನ್ನು ಕತ್ತರಿಸಿದ ಮೇಲೆ ಚಿತ್ರಕ್ಕೆ ಅನುಮತಿ ದೊರೆತರೂ, 1933ರಲ್ಲಿ ಹಿಟ್ಲರ್ ಬಂದೊಡನೆ ಅದಕ್ಕೆ ಪೂರ್ಣ ನಿಷೇಧ ಬಿದ್ದಿತು. ಆ ಮೇ ತಿಂಗಳಲ್ಲಿ ರೆಮಾರ್ಕನ ಪುಸ್ತಕಗಳು ಬೆಂಕಿಗೆ ಆಹುತಿಯಾದವು.

ಇಷ್ಟೊಂದು ಕೋಪಕ್ಕೆ ಕಾರಣವೇನು? ಆ ಚಿತ್ರದಲ್ಲಿ ರಕ್ತವಿದೆ, ಸಾವಿದೆ ಎಂಬುದೆ? ರಕ್ತ ಸಾವುಗಳಿಗೆ ಬೇಸರಪಡುವ ಜನ ಅವರಾಗಿರಲಿಲ್ಲ. ಜರ್ಮನ್ ಸೈನಿಕರು ಅಳುವುದನ್ನು ತೋರಿಸಿ ಅವರನ್ನು ಹೇಡಿಗಳೆನಿಸಿದ್ದಾರೆ ಎಂಬುದು ಅವರು ಹೊರಗೆ ಹೇಳಿದ ಕಾರಣ. ನನ್ನ ದೃಷ್ಟಿಯಲ್ಲಿ ನಿಜವಾದ ಕಾರಣ ಇನ್ನೂ ಆಳದಲ್ಲಿದೆ. ಚಿತ್ರದ ಮಧ್ಯಭಾಗದಲ್ಲಿ ಪಾಲ್ ಒಂದು ಗುಂಡಿಯಲ್ಲಿ ಅಡಗಿರುತ್ತಾನೆ. ಮೇಲಿನಿಂದ ಫ್ರೆಂಚ್ ಸೈನಿಕನೊಬ್ಬನು ಅದರೊಳಕ್ಕೆ ಬೀಳುತ್ತಾನೆ. ಭಯದಿಂದ ಪಾಲ್ ಅವನನ್ನು ಇರಿಯುತ್ತಾನೆ. ಹೊರಗೆ ಗುಂಡಿನ ಸುರಿಮಳೆ, ಎದ್ದು ಹೋಗುವಂತಿಲ್ಲ. ಇರಿದವನೂ ಇರಿಸಿಕೊಂಡವನೂ ರಾತ್ರಿಯೆಲ್ಲ ಜೊತೆಯಲ್ಲಿಯೇ ಇರಬೇಕು. ಪಾಲ್ ಅವನ ಬಾಯಿಗೆ ನೀರು ಹನಿಸುತ್ತಾನೆ, ಬದುಕೆಂದು ಬೇಡುತ್ತಾನೆ, ಸತ್ತ ಮೇಲೆ ಕ್ಷಮೆ ಕೇಳುತ್ತಾನೆ. ಸತ್ತವನ ಜೇಬಿನಲ್ಲಿ ಹೆಂಡತಿಯ ಮತ್ತು ಮಗಳ ಭಾವಚಿತ್ರ ದೊರೆಯುತ್ತದೆ. ಸಾಯುವವನ ಪಾತ್ರಕ್ಕೆ ಮಾತೇ ಇಲ್ಲ. ಕಂಠದ ತೊಂದರೆಯಿಂದ ಧ್ವನಿ ಉಡುಗಿದ್ದ ರೇಮಂಡ್ ಗ್ರಿಫಿತ್ ಎಂಬ ಮೂಕಿಚಿತ್ರಗಳ ಹಾಸ್ಯನಟ ಆ ಪಾತ್ರವನ್ನು ಬರಿಯ ಕಣ್ಣುಗಳಿಂದ ನಿರ್ವಹಿಸಿದ. ಜರ್ಮನಿಯ ಪ್ರೇಕ್ಷಕ ಈ ದೃಶ್ಯದಲ್ಲಿ ಅಳುವುದು ಫ್ರೆಂಚನಿಗಾಗಿ. ಗೊಬೆಲ್ಸನಿಗೆ ಸಹಿಸಲಾಗದೆ ಹೋದದ್ದು ಈ ಕಣ್ಣೀರು ಎಂದು ನಾನು ತಿಳಿಯುತ್ತೇನೆ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಒಂದು ವಿಚಾರ ನೆರವಿಗೆ ಬರುತ್ತದೆ. ರಸಾನುಭವಕ್ಕೆ ಸಾಧಾರಣೀಕರಣ ಅಗತ್ಯವೆಂದು ಭಟ್ಟನಾಯಕ ಮೊದಲಾದವರು ಹೇಳಿದರು. ರಂಗದ ಮೇಲಿನ ಭಾವ ಇವರಿಗೆ ಸೇರಿದ್ದು, ಅವರಿಗೆ ಸೇರಿದ್ದು ಎಂಬ ಗಡಿಗಳನ್ನು ಕಳಚಿಕೊಂಡು ಎಲ್ಲರದೂ ಆಗುವ ಕ್ರಿಯೆಯಿದು. ಮಮ್ಮಟನು ಇದನ್ನು ವಿವರಿಸುವಾಗ, ಇದು ನನ್ನದು, ಇದು ಶತ್ರುವಿನದು, ಇದು ತಟಸ್ಥನದು ಎಂಬ ಭೇದ ಸಹೃದಯನ ಮನಸ್ಸಿನಿಂದ ಅಳಿಯುತ್ತದೆಂದು ಸೂಚಿಸುತ್ತಾನೆ. ಶತ್ರು ಎಂಬ ಮಾತನ್ನು ಅವನು ಅಲ್ಲಿ ತಂದದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಯುದ್ಧಚಿತ್ರದ ರಾಜಕೀಯವೆಲ್ಲ ಈ ಸಾಧಾರಣೀಕರಣವನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯ ಸುತ್ತ ಸುತ್ತುತ್ತದೆ. ತನ್ನ ಕಡೆಯ ತಾಯಿಯ ಶೋಕ ಇಡೀ ದೇಶದ ಶೋಕವಾಗಲಿ ಎಂದು ಅಧಿಕಾರ ಬಯಸುತ್ತದೆ. ಆದರೆ ಅದು ಗಡಿಯನ್ನು ದಾಟಿ ಆಚೆಯ ತಾಯಿಯವರೆಗೆ ಹೋಗದಿರಲಿ ಎಂದೂ ಬಯಸುತ್ತದೆ. ರಸವನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿದಾಗ ಅದು ದ್ವೇಷವಾಗಿ ಹೆಪ್ಪುಗಟ್ಟುತ್ತದೆ.

ಹಾಗೆ ತಡೆದು ನಿಲ್ಲಿಸಲೆಂದೇ ಮಾಡಿದ ಚಿತ್ರವೂ ಇತಿಹಾಸದಲ್ಲಿದೆ. ಪ್ರಚಾರ ಮಂತ್ರಿಯಾದ ಗೊಬೆಲ್ಸ್ 1943ರಲ್ಲಿ ಫೈಟ್ ಹಾರ್ಲಾನ್ ಎಂಬ ನಿರ್ದೇಶಕನಿಗೆ ‘ಕೋಲ್ಬರ್ಗ್’ ಎಂಬ ಚಿತ್ರವನ್ನು ತೆಗೆಯಲು ಆಜ್ಞಾಪಿಸಿದ. 1807ರಲ್ಲಿ ನೆಪೋಲಿಯನ್ನನ ಸೇನೆ ಮುತ್ತಿಗೆ ಹಾಕಿದ ಬಾಲ್ಟಿಕ್ ತೀರದ ಪಟ್ಟಣವೊಂದರ ಕಥೆಯಿದು. ದೇಶ ಸೋಲಿನ ಅಂಚಿನಲ್ಲಿದ್ದಾಗ ವರ್ಣಚಿತ್ರಕ್ಕಾಗಿ ಅಪಾರ ಹಣ ವ್ಯಯವಾಯಿತು. ಯುದ್ಧಕ್ಕೆ ಬೇಕಾಗಿದ್ದ ಸೈನಿಕರು ಕ್ಯಾಮೆರಾದ ಮುಂದೆ ನೆಪೋಲಿಯನ್ನನ ಕಾಲದ ಉಡುಪು ತೊಟ್ಟು ನಿಂತರು. ಭೀಕರವಾದ ಸಾವಿನ ದೃಶ್ಯಗಳನ್ನು ಗೊಬೆಲ್ಸನೇ ಕತ್ತರಿಸಿಹಾಕಿಸಿದ. 1945ರ ಜನವರಿ 30ರಂದು ಬರ್ಲಿನ್ನಿನಲ್ಲಿಯೂ, ಶತ್ರುಸೇನೆ ಸುತ್ತುವರಿದಿದ್ದ ಫ್ರಾನ್ಸಿನ ಲಾ ರೊಶೆಲ್ ಎಂಬ ರೇವಿನಲ್ಲಿಯೂ ಚಿತ್ರ ಪ್ರದರ್ಶಿತವಾಯಿತು. ಲಾ ರೊಶೆಲ್‌ಗೆ ಚಿತ್ರದ ಪ್ರತಿಯನ್ನು ವಿಮಾನದಿಂದ ಪ್ಯಾರಾಚೂಟಿನ ಮೂಲಕ ಇಳಿಸಬೇಕಾಯಿತು. ಚಿತ್ರದಲ್ಲಿ ಪಟ್ಟಣ ಶರಣಾಗುವುದಿಲ್ಲ. ನಿಜವಾದ ಕೋಲ್ಬರ್ಗ್ ಅದೇ ಮಾರ್ಚ್ ತಿಂಗಳಲ್ಲಿ ಸೋವಿಯತ್ ಮತ್ತು ಪೋಲಿಷ್ ಸೇನೆಗಳ ವಶವಾಯಿತು. ಇಂದು ಅದು ಪೋಲೆಂಡಿನ ಪಟ್ಟಣ. ಅನ್ನವಿಲ್ಲದಾಗ ಉತ್ಸಾಹವನ್ನೇ ಉಣಬಡಿಸುವ ಯತ್ನ ಹೀಗೆ ಕೊನೆಗೊಂಡಿತು.

ಇದಕ್ಕೆ ಎದುರಾಗಿ ನಿಲ್ಲಿಸಬೇಕಾದದ್ದು ಫ್ರಾನ್ಸಿನ ಜಾನ್ ರೆನ್ವಾ 1937ರಲ್ಲಿ ನಿರ್ದೇಶಿಸಿದ ‘ಲಾ ಗ್ರಾಂದ್ ಇಲ್ಯೂಜಿಯೋಂ’. ಯುದ್ಧಚಿತ್ರಗಳಲ್ಲಿ ಹಿರಿಯದೆಂದು ಪ್ರಸಿದ್ಧವಾದ ಇದರಲ್ಲಿ ಕದನದ ದೃಶ್ಯವೇ ಇಲ್ಲ. ಜರ್ಮನರ ಸೆರೆಯಿಂದ ತಪ್ಪಿಸಿಕೊಂಡ ಇಬ್ಬರು ಫ್ರೆಂಚ್ ಸೈನಿಕರಿಗೆ ಜರ್ಮನಿಯ ರೈತಹೆಂಗಸೊಬ್ಬಳು ತನ್ನ ಮನೆಯಲ್ಲಿ ಆಶ್ರಯ ಕೊಡುತ್ತಾಳೆ. ಅವಳ ಗಂಡನೂ ಸೋದರರೂ ಒಬ್ಬೊಬ್ಬರು ಒಂದೊಂದು ಕದನದಲ್ಲಿ ಸತ್ತಿದ್ದಾರೆ. ಭಾವಚಿತ್ರಗಳನ್ನು ತೋರಿಸುತ್ತ ಅವಳು ಆ ಕದನಗಳ ಹೆಸರು ಹೇಳುತ್ತಾಳೆ. ಅವು ನಮ್ಮ ದೊಡ್ಡ ವಿಜಯಗಳು ಎನ್ನುತ್ತಾಳೆ. ಅನಂತರ, ಊಟದ ಮೇಜು ಈಗ ತೀರ ದೊಡ್ಡದಾಗಿಬಿಟ್ಟಿದೆ ಎಂಬ ಒಂದು ಮಾತು. ಅಷ್ಟೇ. ಆ ಮೇಜನ್ನು ನೋಡಿದ ಫ್ರೆಂಚ್ ಪ್ರೇಕ್ಷಕ ಅವಳನ್ನು ಶತ್ರುವಿನ ಹೆಂಡತಿಯೆಂದು ಹೇಗೆ ತಿಳಿದಾನು? ಜರ್ಮನಿ ಈ ಚಿತ್ರವನ್ನು ನಿಷೇಧಿಸಿತು. ಎರಡನೆಯ ಮಹಾಯುದ್ಧ ಆರಂಭವಾದಾಗ ಫ್ರಾನ್ಸ್ ತಾನೂ ಇದನ್ನು ತಡೆಹಿಡಿಯಿತು. ಪರಸ್ಪರ ಕಾದಾಡುತ್ತಿದ್ದ ಎರಡು ಸರ್ಕಾರಗಳು ಈ ಒಂದು ವಿಷಯದಲ್ಲಿ ಏಕಾಭಿಪ್ರಾಯಕ್ಕೆ ಬಂದವು.

ಇಂಥ ಕಣ್ಣೀರು ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದ ಕವಿ ರನ್ನ ‘ಗದಾಯುದ್ಧ’ವನ್ನು ಬರೆದದ್ದು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನ ಕೀರ್ತಿಗಾಗಿ. ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ಭೀಮನೊಂದಿಗೆ ದೊರೆಯನ್ನು ಸಮೀಕರಿಸಿ ಬರೆದ ಈ ಕಾವ್ಯವನ್ನು ಆಸ್ಥಾನದ ಕಾವ್ಯವೆನ್ನಲು ಅಡ್ಡಿಯಿಲ್ಲ. ಆದರೆ ಓದುಗನ ಮನಸ್ಸಿನಲ್ಲಿ ಉಳಿಯುವವನು ಯಾರು? ಹೆಣಗಳ ನಡುವೆ ಒಂಟಿಯಾಗಿ ನಡೆಯುವ ದುರ್ಯೋಧನ. ಕರ್ಣನ ಮುಂದೆ, ತಮ್ಮನ ಮುಂದೆ, ಮಗನ ಮುಂದೆ ನಿಂತು ಅವನು ಪ್ರಲಾಪಿಸುತ್ತಾನೆ. ಅಷ್ಟೇ ಅಲ್ಲ, ಶತ್ರುಪಕ್ಷದ ಬಾಲಕನಾದ ಅಭಿಮನ್ಯುವಿನ ಶವದ ಮುಂದೆಯೂ ನಿಲ್ಲುತ್ತಾನೆ. ಅವನ ಶೌರ್ಯವನ್ನು ಕೊಂಡಾಡುತ್ತಾನೆ. ಅಂಥ ಮರಣ ತನಗೂ ಬರಲೆಂದು ಹಾರೈಸುತ್ತಾನೆ. ದೊರೆ ಕೇಳಿದ್ದು ಭೀಮನ ಜಯಕಾರ. ಕವಿ ಅದನ್ನು ಕೊಟ್ಟ. ಅದರ ಜೊತೆಗೆ ಸೋತವನ ಕಣ್ಣೀರನ್ನೂ ಕೊಟ್ಟ. ದುರ್ಯೋಧನನಲ್ಲಿ ದುರಂತನಾಯಕನನ್ನು ಕಾಣಲು ಬಿ. ಎಂ. ಶ್ರೀಕಂಠಯ್ಯನವರಿಗೆ ಸಾಧ್ಯವಾದದ್ದು ಇದರಿಂದಲೇ. ಯಾರ ಹಣದಿಂದ ಕಾವ್ಯ ಹುಟ್ಟಿತೆಂಬುದರ ಮೇಲೆಯೇ ಅದರ ಕರುಣೆಯ ಅಳತೆ ನಿಂತಿಲ್ಲವೆಂಬುದಕ್ಕೆ ಇದು ಸಾಕ್ಷಿ. ಚಿತ್ರನಿರ್ದೇಶಕನಿಗೂ ಈ ಮಾತು ಸಲ್ಲುತ್ತದೆ.

ಇನ್ನು ನಮ್ಮ ದೇಶದ ಒಂದು ಚಿತ್ರ. 1962ರ ಚೀನಾ ಯುದ್ಧದ ಸೋಲು ಜನರ ಮನಸ್ಸಿನಲ್ಲಿ ಹಸಿಗಾಯವಾಗಿದ್ದಾಗ, 1964ರಲ್ಲಿ, ಚೇತನ್ ಆನಂದ್ ಹಿಂದಿಯಲ್ಲಿ ‘ಹಕೀಕತ್’ ಚಿತ್ರವನ್ನು ತೆರೆಗೆ ತಂದರು. ಲಡಾಖಿನ ಬೋಳು ಬೆಟ್ಟಗಳ ನಡುವೆ ಕಪ್ಪು ಬಿಳುಪಿನಲ್ಲಿ ತೆಗೆದ ಚಿತ್ರ. ಕೈಫಿ ಆಜ್ಮಿಯವರ ಗೀತೆಗಳು, ಮದನ್ ಮೋಹನರ ಸಂಗೀತ. ಗೆಲುವಿನ ಚಿತ್ರ ಮಾಡುವುದು ಸುಲಭ. ಸೋಲನ್ನು ಕುರಿತು, ಸೋತ ಸೈನಿಕನಿಗೆ ಅವಮಾನವಾಗದಂತೆ ಚಿತ್ರ ಮಾಡುವುದು ಕಷ್ಟ. ಆ ಕಷ್ಟವನ್ನು ಅವರು ಗೆದ್ದರು. ದೇಶದ ಮನಸ್ಸಿನಲ್ಲಿ ನಾಚಿಕೆಯಾಗಿ ಹುದುಗಿದ್ದುದನ್ನು ಶೋಕವಾಗಿ ಹೊರಗೆ ಹರಿಸಿದರು. ಇದು ಸಾಮಾನ್ಯವಾದ ಸೇವೆಯಲ್ಲ.

ಆದರೆ ಅದೇ ಯುದ್ಧದ ಇನ್ನೊಂದು ಮುಖಕ್ಕೆ ತೆರೆಯ ಮೇಲೆ ಎಡೆ ಸಿಗಲಿಲ್ಲ. ಯುದ್ಧದ ವೇಳೆಗೆ ಅಸ್ಸಾಂ, ಬಂಗಾಳ ಮೊದಲಾದ ಕಡೆ ತಲೆಮಾರುಗಳಿಂದ ನೆಲೆಸಿದ್ದ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ಹಿಡಿದು, ರೈಲಿನಲ್ಲಿ ಸಾಗಿಸಿ, ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮುದುಕರಿದ್ದರು, ಮಕ್ಕಳಿದ್ದರು, ಇಲ್ಲಿಯೇ ಹುಟ್ಟಿ ಇಲ್ಲಿನ ನುಡಿಯನ್ನೇ ಆಡುವವರಿದ್ದರು. ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು. ಕೆಲವರ ಬಂಧನ 1967ರವರೆಗೂ ಮುಗಿಯಲಿಲ್ಲ. ಅಸ್ಸಾಮಿನ ಲೇಖಕಿ ರೀತಾ ಚೌಧುರಿ ಇವರನ್ನು ಕುರಿತ ‘ಮಾಕಾಮ್’ ಕಾದಂಬರಿಯನ್ನು ಪ್ರಕಟಿಸುವ ಹೊತ್ತಿಗೆ, ಅಂದರೆ 2010ರ ಹೊತ್ತಿಗೆ, ಸುಮಾರು ಅರ್ಧ ಶತಮಾನ ಕಳೆದಿತ್ತು. ಲಡಾಖಿನಲ್ಲಿ ಮಡಿದ ಜವಾನನಿಗಾಗಿ ನಾವು ಅತ್ತೆವು, ಅಳಬೇಕಾದದ್ದೇ. ದೇವಳಿಯ ಶಿಬಿರದಲ್ಲಿದ್ದ ಮಗು ಯಾರಿಗೂ ನೆನಪಾಗಲಿಲ್ಲ. ಇದು ಚೇತನ್ ಆನಂದರ ದೋಷವಲ್ಲ. ಒಂದು ಚಿತ್ರ ಎಲ್ಲವನ್ನೂ ಹೇಳಲಾರದು. ಆದರೆ ತೆರೆಯ ಮೇಲೆ ಮುಖ ಕಾಣದವರಿಗಾಗಿ ಸಮಾಜವೂ ಮರುಗುವುದಿಲ್ಲವೆಂಬುದು ವಿಚಾರ ಮಾಡಬೇಕಾದ ಸಂಗತಿ.

ಕಾಲ ಬದಲಾಗಿದೆ. ಇಂದು ಯುದ್ಧಚಿತ್ರ ನೋಡಲು ಚಿತ್ರಮಂದಿರಕ್ಕೆ ಹೋಗಬೇಕಾಗಿಲ್ಲ. ಅಂಗೈಯ ಫೋನಿನಲ್ಲಿ ಯುದ್ಧವೇ ಚಿತ್ರವಾಗಿ ಬರುತ್ತದೆ. ಚಿತ್ರದ ಸಂಭಾಷಣೆಗಳು ಸಭೆಗಳಲ್ಲಿ ಘೋಷಣೆಗಳಾಗುತ್ತವೆ. ಅಂಥ ಘೋಷಣೆಗೆ ದನಿಗೂಡಿಸುವ ತರುಣರನ್ನು ಕಂಡು ನಾನು ಕೋಪಿಸಿಕೊಳ್ಳಲಾರೆ. ಉತ್ಸಾಹ ಯೌವನದ ಧರ್ಮ. ದೇಶಕ್ಕಾಗಿ ಪ್ರಾಣ ಕೊಟ್ಟವರನ್ನು ಕಂಡು ಎದೆ ಉಬ್ಬದಿದ್ದರೆ ಅದೂ ಆರೋಗ್ಯದ ಲಕ್ಷಣವಲ್ಲ. ನಮ್ಮ ಕೊಡಗಿನಲ್ಲಿ, ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ, ಸೈನಿಕರಿಲ್ಲದ ಓಣಿ ಇಲ್ಲ. ಆ ಮನೆಗಳವರಿಗೆ ಯುದ್ಧವೆಂಬುದು ರಸಾಸ್ವಾದದ ವಿಷಯವಲ್ಲ. ತೆರೆಯ ಮೇಲೆ ಫಿರಂಗಿ ಹಾರಿದಾಗ ಶಿಳ್ಳೆ ಹಾಕುವ ನಾವು, ಅದೇ ಸಾಲಿನಲ್ಲಿ ಅಂಥ ಮನೆಯ ತಾಯಿಯೊಬ್ಬಳು ಕುಳಿತಿದ್ದರೆ ಶಿಳ್ಳೆ ಹಾಕಿಯೇವೆ?

ಆದುದರಿಂದ ಯುದ್ಧಚಿತ್ರಗಳನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ನೋಡಿ ಅಳಬಾರದೆಂದಂತೂ ಹೇಳಲಾರೆ. ಅತ್ತಾದ ಮೇಲೆ, ಮನೆಗೆ ಬರುವ ದಾರಿಯಲ್ಲಿ, ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಈ ಚಿತ್ರ ನನಗೆ ಯಾರ ಮುಖವನ್ನು ತೋರಿಸಿತು, ಯಾರ ಮುಖವನ್ನು ಮರೆಮಾಡಿತು? ಈ ಪ್ರಶ್ನೆಯಿಂದ ಬದುಕಿನ ದಾರಿಯೇ ಬದಲಾದವರುಂಟು. ರೆಮಾರ್ಕನ ಕಥೆಯಲ್ಲಿ ಪಾಲ್‌ನ ಪಾತ್ರ ವಹಿಸಿದ ಲೂ ಏಯರ್ಸ್ ಎಂಬ ನಟ, 1942ರಲ್ಲಿ ಅಮೆರಿಕದ ಸೇನೆ ಕರೆದಾಗ, ಕೊಲ್ಲಲು ತನ್ನ ಅಂತರಾತ್ಮ ಒಪ್ಪದೆಂದು ತಿಳಿಸಿದ. ಕೆಲವು ಚಿತ್ರಮಂದಿರಗಳು ಅವನ ಚಿತ್ರಗಳನ್ನು ತೋರಿಸಲು ನಿರಾಕರಿಸಿದವು. ಅನಂತರ ಅವನು ಸೇನೆಯ ವೈದ್ಯಕೀಯ ದಳವನ್ನು ಸೇರಿ, ಪೆಸಿಫಿಕ್ ರಣರಂಗದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ. ಆ ಚಿತ್ರವನ್ನು ಓಡಿಸಿದ ಜರ್ಮನಿಯೇ, 92 ವರ್ಷಗಳ ಬಳಿಕ, 2022ರಲ್ಲಿ, ಅದೇ ಕಥೆಯನ್ನು ತನ್ನ ಭಾಷೆಯಲ್ಲಿ ಚಿತ್ರವಾಗಿಸಿತು. ಮರುವರ್ಷ ಅದಕ್ಕೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಸಂದವು. ಅಂದು ಇಲಿಗಳನ್ನು ಬಿಟ್ಟು ನಿಲ್ಲಿಸಿದ ಕಣ್ಣೀರು ಅಷ್ಟು ಕಾಲ ಕಾದಿದ್ದು, ಕೊನೆಗೆ ತನ್ನ ಮನೆಗೇ ಮರಳಿತು. ಆ ನಡುವೆ ಇನ್ನೊಂದು ಮಹಾಯುದ್ಧ ನಡೆದುಹೋಗಿತ್ತು ಎಂಬುದನ್ನು ಮಾತ್ರ ನಾವು ಮರೆಯಬಾರದು.